ಬೀಗ ಯಾರದು, ಬೆರಳು ಯಾರದು?

ಮೊಬೈಲ್ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಮಾತು ಕೇಳಿಬರುತ್ತದೆ. ಅದು ಮಕ್ಕಳನ್ನು ಹಾಳು ಮಾಡಿತು ಎನ್ನುವ ಹಿರಿಯರ ಗೊಣಗಾಟ ಒಂದು. ಅದು ಜಗತ್ತನ್ನೇ ಅಂಗೈಗೆ ತಂದಿತು ಎನ್ನುವ ಕಂಪನಿಗಳ ಜಾಹೀರಾತು ಇನ್ನೊಂದು. ಈ ಯಂತ್ರವನ್ನು ರೂಪಿಸಿದವರು ಯಾರು, ರೂಪಿಸುವಾಗ ಅವರ ಕಣ್ಣಮುಂದಿದ್ದದ್ದು ಯಾರ ಕೈ ಎಂಬ ಪ್ರಶ್ನೆ ಇವೆರಡರ ನಡುವೆ ಕಳೆದುಹೋಗಿದೆ. ನಾವಿಲ್ಲಿ ಆ ಪ್ರಶ್ನೆಯನ್ನು ಕೇಳಹೊರಟಿದ್ದೇವೆ. ಮೊಬೈಲಿನ ಇಡೀ ವ್ಯವಹಾರದ ಬಗ್ಗೆ ಅಲ್ಲ, ಅದರ ಹೊಸ್ತಿಲಿನ ಬಗ್ಗೆ ಮಾತ್ರ. ಅಂದರೆ, ಬೀಗ ಹಾಕಿದ ಮೇಲೂ ಬೆಳಗುವ ಆ ಮೊದಲ ಪರದೆ, ಲಾಕ್ ಸ್ಕ್ರೀನ್.

ಇದೇನು ಮಹಾ ವಿಷಯ ಎಂದು ಮೂಗು ಮುರಿಯುವವರಿದ್ದಾರೆ. ಅವರು ಒಮ್ಮೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ವಿಜಯಪುರದಿಂದ ತೊರವಿ ದಾಟಿ ತಿಕೋಟಾ ಕಡೆಗೋ, ಇತ್ತ ಬಬಲೇಶ್ವರದ ಕಡೆಗೋ ಹೋಗಿಬರಬೇಕು. ಈಗ ತಾಲ್ಲೂಕು ಕೇಂದ್ರಗಳಾಗಿರುವ ಈ ಎರಡೂ ಊರುಗಳ ಸುತ್ತ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಕಿತ್ತ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಆ ಕೆಲಸ ಮಾಡುವ ಕೈಗಳು ಇಡೀ ದಿನ ಒದ್ದೆ, ಜಿಡ್ಡು, ಅಂಟು. ಆ ಕೈಯಲ್ಲಿ, ಅಥವಾ ಆ ಕೈಯ ಪಕ್ಕದ ಕಿಸೆಯಲ್ಲಿ ಮೊಬೈಲ್ ಇರುತ್ತದೆ. ಅದು ಶೋಕಿಯ ಮೊಬೈಲಲ್ಲ. ತಾಸಗಾಂವ, ಸಾಂಗ್ಲಿಗಳ ದರ ತಿಳಿಯುವುದು ಅದರಲ್ಲಿ, ಲಾರಿ ಹೊರಟ ಸುದ್ದಿ ಬರುವುದು ಅದರಲ್ಲಿ. ಈ ದರಕ್ಕೆ ಕೊಡಲೇ ಎಂದು ವ್ಯಾಪಾರಿ ಕೇಳುವುದೂ ಅದರಲ್ಲೇ.

ಈಗ ಯಂತ್ರದ ಕಡೆ ಬರೋಣ. ಇವತ್ತಿನ ಫೋನಿನ ಗಾಜು ಒತ್ತಡವನ್ನು ಅಳೆಯುವುದಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ವಿದ್ಯುತ್ ಎಳೆಗಳ ಜಾಲವಿರುತ್ತದೆ. ವಿದ್ಯುತ್ ಹರಿಯಬಲ್ಲ ವಸ್ತು ಸಮೀಪ ಬಂದಾಗ ಅಲ್ಲಾಗುವ ಬದಲಾವಣೆಯನ್ನೇ ಫೋನು 'ಬೆರಳು' ಎಂದು ತಿಳಿದುಕೊಳ್ಳುತ್ತದೆ. ಹಾಗಾಗಿ ಬೆವರಿದ ಜೇಬು, ಒದ್ದೆ ಬಟ್ಟೆ, ಕೆನ್ನೆ, ಕಿವಿ ಇವೂ ಅದಕ್ಕೆ ಬೆರಳಾಗಿ ತೋರಬಹುದು. ಕಿವಿಗೆ ಹಿಡಿದಾಗ ಪರದೆಯನ್ನು ಆರಿಸಲೆಂದು ಮೇಲ್ಭಾಗದಲ್ಲಿ ಒಂದು ಸಣ್ಣ ಸೆನ್ಸರ್ ಇರುತ್ತದೆ. ಅದು ಕಣ್ಣಿಗೆ ಕಾಣದ ಬೆಳಕು ಚೆಲ್ಲಿ, ಎದುರಿಗೆ ಏನಾದರೂ ಇದೆಯೇ ಎಂದು ನೋಡುತ್ತದೆ. ಕೆಲವು ಮಾದರಿಗಳಲ್ಲಿ ಈ ಸೆನ್ಸರನ್ನೇ ತೆಗೆದು, ಆ ಕೆಲಸವನ್ನು ಸ್ಪೀಕರು, ಮೈಕುಗಳ ಸದ್ದಿನ ಲೆಕ್ಕಾಚಾರಕ್ಕೆ ಒಪ್ಪಿಸಿದ್ದಾರೆ. ಫೋನನ್ನು ಎತ್ತಿದರೆ ಪರದೆ ಏಳುತ್ತದೆ, ಎರಡು ಸಲ ತಟ್ಟಿದರೂ ಏಳುತ್ತದೆ. ಮಲಗಿದ ಕೂಸನ್ನು ಎಬ್ಬಿಸುವುದೂ ಇಷ್ಟು ಸುಲಭವಲ್ಲ.

ಎದ್ದ ಪರದೆಯ ಮೇಲೆ ಏನಿರಬೇಕು? ಇಲ್ಲಿಯೇ ನಮ್ಮ ತಕರಾರು. ಹಳೆಯ ನೋಕಿಯಾ ಫೋನಿನ ಕಾಲದಲ್ಲಿ ಬೀಗವೆಂದರೆ ಬೀಗ. ಮೆನು ಒತ್ತಿ ನಕ್ಷತ್ರದ ಗುಂಡಿ ಒತ್ತುವವರೆಗೆ ಅದು ಮಿಸುಕುತ್ತಿರಲಿಲ್ಲ. ತುರ್ತು ಸಂಖ್ಯೆಯೊಂದನ್ನು ಬಿಟ್ಟು ಬೇರೆಲ್ಲಿಗೂ ಕರೆ ಹೊರಡುತ್ತಿರಲಿಲ್ಲ. 2003ರಲ್ಲಿ ಬಂದ ನೋಕಿಯಾ 1100ಕ್ಕೆ ಧೂಳು ನುಗ್ಗದ ಕೀಲಿಮಣೆ ಇತ್ತು, ತಲೆಯ ಮೇಲೊಂದು ಟಾರ್ಚ್ ಇತ್ತು. ಧೂಳಿರುವ, ಕರೆಂಟಿಲ್ಲದ ಊರುಗಳು ಜಗತ್ತಿನಲ್ಲಿವೆ ಎಂಬ ಅರಿವು ಅದನ್ನು ಮಾಡಿದವರಿಗೆ ಇದ್ದಂತಿತ್ತು. 2007ರಲ್ಲಿ ಐಫೋನ್ ಬಂದು, ಗಾಜಿನ ಮೇಲೆ ಬೆರಳು ಸವರಿ ಬೀಗ ತೆಗೆಯುವ ರೀತಿಯನ್ನು ಜನಪ್ರಿಯಗೊಳಿಸಿತು. ಕಿಸೆಯಲ್ಲಿನ ಬಟ್ಟೆ ತಾಗಿ ತೆರೆಯದಿರಲಿ ಎಂಬ ವಿವೇಕ ಆ ಸವರುವಿಕೆಯ ಹಿಂದಿತ್ತು. ಆಮೇಲೆ ಬೀಗದ ಹೊರಗೇ ಒಂದೊಂದಾಗಿ ಸಾಮಾನು ಬಂದು ಬೀಳತೊಡಗಿತು. 2014ರ ಆಂಡ್ರಾಯ್ಡ್ 5 ಸಂದೇಶಗಳನ್ನು ಬೀಗದ ಪರದೆಯ ಮೇಲೆ ತಂದಿಟ್ಟಿತು. ಅದೇ ವರ್ಷ ಆಪಲ್ ತನ್ನ ಐಓಎಸ್ 8ರಲ್ಲಿ ಅಲ್ಲಿಂದಲೇ ಉತ್ತರಿಸುವ ಸೌಲಭ್ಯ ಕೊಟ್ಟಿತು. 2016ರ ಆಂಡ್ರಾಯ್ಡ್ 7 ನೋಟಿಫಿಕೇಶನ್ನಿನೊಳಗೇ ಉತ್ತರ ಬರೆಯುವ ಚೌಕ ತೆರೆಯಿತು. 2019ರ ಆಂಡ್ರಾಯ್ಡ್ 10 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೀವು ಬರೆಯುವ ತೊಂದರೆಯೂ ಬೇಡವೆಂದು ಸಿದ್ಧ ಉತ್ತರಗಳ ಗುಂಡಿಗಳನ್ನು ಸಂದೇಶದ ಕೆಳಗೆ ಇಡತೊಡಗಿತು. ಬೆರಳು ತಾಗಿದರೆ ಸಾಕು, ಅನೇಕ ಫೋನುಗಳಲ್ಲಿ ಉತ್ತರ ಹೊರಟೇಹೋಗುತ್ತದೆ.

ಪಿನ್ ಅಥವಾ ಪ್ಯಾಟರ್ನ್ ಹಾಕಿಕೊಂಡವರಿಗೆ ಆಂಡ್ರಾಯ್ಡ್ ಸಾಮಾನ್ಯವಾಗಿ ಉತ್ತರಿಸುವ ಮುನ್ನ ಅದನ್ನು ಕೇಳುತ್ತದೆ. ನಿಜ. ಆದರೆ ನಮ್ಮ ಶೆಡ್ಡುಗಳಲ್ಲಿ, ಗದ್ದೆಗಳಲ್ಲಿ ಪಿನ್ ಹಾಕಿಕೊಂಡವರು ಯಾರು? ಕಲ್ಲು, ಮಣ್ಣು, ರಾಸಾಯನಿಕಗಳಲ್ಲಿ ಸವೆದ ಹೆಬ್ಬೆರಳಿನ ಗುರುತನ್ನು ರೇಷನ್ ಅಂಗಡಿಯ ಯಂತ್ರವೇ ಒಪ್ಪದೆ ಸತಾಯಿಸುತ್ತದೆ. ಅದೇ ಬೆರಳನ್ನು ಫೋನಿನ ಸೆನ್ಸರ್ ಒಪ್ಪೀತೇ? ನಾಲ್ಕು ಸಲ ಒತ್ತಿ, ಐದನೆಯ ಸಲಕ್ಕೆ ಬೇಸತ್ತು, ಮನುಷ್ಯ ಬೀಗವನ್ನೇ ತೆಗೆದುಹಾಕಿ ಬರೀ ಸವರುವ ಪರದೆ ಇಟ್ಟುಕೊಳ್ಳುತ್ತಾನೆ. ಅಂದರೆ, ಯಾರ ಕೈ ಅತಿ ಹೆಚ್ಚು ತಪ್ಪಿ ತಾಗುವ ಸಂಭವವಿದೆಯೋ ಅವರ ಫೋನೇ ಅತಿ ಕಡಿಮೆ ಕಾವಲಿನದು. ಇದನ್ನು ಆಕಸ್ಮಿಕ ಎಂದು ನಾವು ಒಪ್ಪುವುದಿಲ್ಲ. ಒಣಗಿದ, ನಯವಾದ, ತಣ್ಣನೆಯ ಕೋಣೆಯ ಬೆರಳೊಂದನ್ನು 'ಮನುಷ್ಯನ ಬೆರಳು' ಎಂದು ತೀರ್ಮಾನಿಸಿಕೊಂಡವರು ಮಾಡಿದ ಬೀಗ ಇದು.

ತಪ್ಪಿ ಒಂದು 'ಓಕೆ' ಹೋದರೆ ಏನಾಗುತ್ತದೆ ಎನ್ನುವವರಿಗೆ ಕೆನಡಾದ ಒಂದು ಪ್ರಕರಣ ಹೇಳಬೇಕು. ಅಲ್ಲಿನ ಸಸ್ಕಾಚುವಾನ್ ಪ್ರಾಂತದ ರೈತನೊಬ್ಬನಿಗೆ 2021ರಲ್ಲಿ ಧಾನ್ಯ ಖರೀದಿ ಕಂಪನಿಯೊಂದು ಅಗಸೆ ಬೀಜ ಕೊಳ್ಳುವ ಒಪ್ಪಂದದ ಚಿತ್ರವನ್ನು ಮೊಬೈಲಿಗೆ ಕಳಿಸಿ, ಖಚಿತಪಡಿಸಿ ಎಂದು ಕೇಳಿತು. ರೈತ ಹೆಬ್ಬೆರಳೆತ್ತಿದ ಚಿಕ್ಕ ಚಿತ್ರವೊಂದನ್ನು ಮರಳಿಸಿದ. ನವೆಂಬರ್ ಹೊತ್ತಿಗೆ ದರ ಏರಿತ್ತು, ಬೀಜ ಬರಲಿಲ್ಲ, ಕಂಪನಿ ಕೋರ್ಟಿಗೆ ಹೋಯಿತು. ಒಪ್ಪಂದದ ಕಾಗದ ತಲುಪಿದೆ ಎಂದಷ್ಟೇ ತನ್ನ ಹೆಬ್ಬೆರಳಿನ ಅರ್ಥ, ಒಪ್ಪಿದ್ದೇನೆ ಎಂದಲ್ಲ ಎಂಬುದು ರೈತನ ವಾದ. 2023ರ ಜೂನ್‌ನಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಆ ಚಿತ್ರ ಸಹಿಗೆ ಸಮ ಎಂದು ಹೇಳಿ, 82 ಸಾವಿರಕ್ಕೂ ಹೆಚ್ಚು ಕೆನಡಾ ಡಾಲರ್ ಕಟ್ಟಲು ಆದೇಶಿಸಿತು. 2024ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಆ ರೈತ ತಾನಾಗಿಯೇ ಕಳಿಸಿದ್ದ, ಅದು ಬೇರೆ ಮಾತು. ಆದರೆ ಅಗಸೆಯ ಜಾಗದಲ್ಲಿ ಒಣದ್ರಾಕ್ಷಿಯನ್ನೂ ಸಸ್ಕಾಚುವಾನ್ ಜಾಗದಲ್ಲಿ ತಿಕೋಟಾವನ್ನೂ ಇಟ್ಟು ನೋಡಿ. ನಮ್ಮ 1872ರ ಕರಾರು ಕಾಯ್ದೆಯ ಪ್ರಕಾರ, ಒಪ್ಪಿಗೆಯ ಸುದ್ದಿ ಎದುರಿನವನಿಗೆ ತಿಳಿದ ಮೇಲೆ ಕೊಟ್ಟವನು ಅದನ್ನು ಹಿಂತೆಗೆದುಕೊಳ್ಳುವಂತಿಲ್ಲ. ವಿದ್ಯುನ್ಮಾನ ಸಂದೇಶಗಳ ಮೂಲಕ ನಡೆದ ಕರಾರಿಗೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಮಾನ್ಯತೆ ಕೊಟ್ಟಿದೆ. ಕಾಗದದ ಕಾಲದಲ್ಲಿ ಟಪಾಲು ತಲುಪುವ ಮೊದಲೇ ತಂತಿ ಕೊಟ್ಟು 'ಬೇಡ' ಎನ್ನಬಹುದಿತ್ತು. ಈಗ ಆ ನಡುವಿನ ಗಳಿಗೆಯೇ ಇಲ್ಲ. ವಾಟ್ಸಾಪ್ 2017ರಲ್ಲಿ 'ಎಲ್ಲರಿಗೂ ಅಳಿಸು' ಎಂಬ ಅನುಕೂಲ ತಂದಿತಲ್ಲ ಎನ್ನಬಹುದು. ಆದರೆ ಸಂದೇಶ ಕಂಡದ್ದು ಎಲ್ಲಿ? ವ್ಯಾಪಾರಿಯ ಲಾಕ್ ಸ್ಕ್ರೀನಿನ ಮೇಲೆ. ಅಲ್ಲಿ ಓದಿದರೆ ನೀಲಿ ಗುರುತೂ ಬೀಳುವುದಿಲ್ಲ. ನೀವು ಅವನು ನೋಡಿಲ್ಲ ಎಂದುಕೊಂಡು ಅಳಿಸುತ್ತೀರಿ, ಅವನು ಓದಿ ಲೆಕ್ಕ ಹಾಕಿ ಮುಗಿಸಿರುತ್ತಾನೆ. ಒಬ್ಬನ ಬೀಗದ ಹೊರಗಿನಿಂದ ಹೊರಟ ಮಾತು ಇನ್ನೊಬ್ಬನ ಬೀಗದ ಹೊರಗೇ ಇಳಿಯುತ್ತದೆ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ಬದಿಗೆ ಉಸುರಿದ್ದು ಇನ್ನೊಂದು ಬದಿಗೆ ಕೇಳುತ್ತದೆ, ಮತ್ತೆ ಮತ್ತೆ ಮರುಧ್ವನಿಸುತ್ತದೆ. ಅಲ್ಲಿಗೆ ಹೋಗುವವರು ಅದು ಗೊತ್ತಿದ್ದೇ, ಅದಕ್ಕಾಗಿಯೇ ಹೋಗುತ್ತಾರೆ. ಕಿಸೆಯಲ್ಲಿ ಒಂದೊಂದು ಗುಮ್ಮಟ ಇಟ್ಟುಕೊಂಡಿದ್ದೇವೆ ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ.

ಕರೆ ಬಂದಾಗ ಏನಾಗುತ್ತದೆ ನೋಡಿ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ, ಬೀಗ ತೆಗೆಯದೆಯೇ, ಕರೆಯನ್ನು ನಿರಾಕರಿಸಿ ಸಿದ್ಧ ಸಂದೇಶ ಕಳಿಸುವ ಪಟ್ಟಿ ತೆರೆಯುತ್ತದೆ. ಅದರ ಮೂಲ ಸಂದೇಶಗಳು ಇಂಗ್ಲಿಷಿನವು. ಈಗ ಮಾತಾಡಲಾಗದು, ಏನು ಸಮಾಚಾರ ಎಂಬ ಧಾಟಿಯವು. ಗೆಳೆಯನಿಗೆ ಅದು ಸರಿ. ಮಗಳನ್ನು ಕೊಟ್ಟ ಮನೆಯ ಹಿರಿಯರಿಗೆ, ಮಸೀದಿ ಕಮಿಟಿಯ ಯಜಮಾನರಿಗೆ, ಸಾಲ ಕೊಟ್ಟ ಸಾವಕಾರನಿಗೆ ಫೋನ್ ಕತ್ತರಿಸಿ, ಮೇಲೆ ಇಂಗ್ಲಿಷಿನಲ್ಲೊಂದು ಉಡಾಫೆಯ ಮಾತು ಹೋದರೆ ಅದರ ಪರಿಣಾಮವನ್ನು ಸರಿಮಾಡಲು ಒಂದು ಹಬ್ಬವೇ ಬರಬೇಕು. 'ಕೈ ತಾಗಿ ಹೋತ್ರಿ' ಎಂದರೆ ನಂಬುವವರು ಎಷ್ಟು ಮಂದಿ? ಸಂದೇಶ ಬಂದದ್ದು ನಿಮ್ಮ ಹೆಸರಿನಲ್ಲಿ. ಅದನ್ನು ಬರೆದವನು ಸಾವಿರಾರು ಮೈಲಿಯಾಚೆಯ ಯಾವನೋ ಎಂಜಿನಿಯರ್ ಎಂದು ಯಾರಿಗೆ ತಿಳಿಸಿ ಹೇಳುವುದು?

ನಮ್ಮ ಸಮುದಾಯದ ಹುಡುಗರಿಗಂತೂ ಇದು ಬರೀ ಮುಜುಗರದ ಪ್ರಶ್ನೆಯಲ್ಲ. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿ ಹೊತ್ತಿಕೊಂಡದ್ದು ಒಂದು ವಾಟ್ಸಾಪ್ ಸ್ಟೇಟಸ್ಸಿನ ಚಿತ್ರದಿಂದ. ತಮಿಳುನಾಡಿನ ನಟ, ರಾಜಕಾರಣಿ ಎಸ್. ವಿ. ಶೇಖರ್ ಮಹಿಳಾ ಪತ್ರಕರ್ತರನ್ನು ನಿಂದಿಸುವ ಬರಹವೊಂದನ್ನು 2018ರಲ್ಲಿ ಫೇಸ್‌ಬುಕ್‌ನಲ್ಲಿ ಹಂಚಿಕೊಂಡಿದ್ದರು. ಕಣ್ಣಿಗೆ ಔಷಧ ಹಾಕಿಕೊಂಡಿದ್ದರಿಂದ ಓದದೆ ಕಳಿಸಿದೆ ಎಂಬ ಅವರ ಪರ ವಾದವನ್ನು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕಿವಿಗೆ ಹಾಕಿಕೊಳ್ಳಲಿಲ್ಲ. ಬಳಸುವವರು ಅದರ ಪರಿಣಾಮವನ್ನೂ ಎದುರಿಸಲು ಸಿದ್ಧರಿರಬೇಕು ಎಂಬುದು ನ್ಯಾಯಾಲಯದ ನಿಲುವಾಗಿತ್ತು. ಆ ಬರಹ ಹೇಯವಾದದ್ದು, ತೀರ್ಪಿನ ಬಗ್ಗೆ ನಮಗೆ ದೂರಿಲ್ಲ. ಹೆಸರು, ಹಣ, ಸುಪ್ರೀಂ ಕೋರ್ಟಿನ ವಕೀಲರು ಎಲ್ಲ ಇದ್ದವರ ನೆಪವೇ ನಿಲ್ಲದಿರುವಾಗ, ಬಬಲೇಶ್ವರದ ಗ್ಯಾರೇಜಿನಲ್ಲಿ ಗ್ರೀಸ್ ಕೈಯಲ್ಲಿ ಫೋನ್ ಹಿಡಿದ ಹುಡುಗ ನಿಜವಾಗಿಯೇ ಬೆರಳು ತಪ್ಪಿದೆ ಎಂದರೆ ಠಾಣೆಯಲ್ಲಿ ಯಾರು ನಂಬುತ್ತಾರೆ ಎಂಬುದಷ್ಟೇ ನಮ್ಮ ಪ್ರಶ್ನೆ. ಉದ್ದೇಶವಿತ್ತೇ ಇಲ್ಲವೇ ಎಂಬುದು ಕೊನೆಗೆ ತೀರ್ಮಾನವಾದೀತು. ಅಷ್ಟರಲ್ಲಿ ಫೋನು ಜಪ್ತಿಯಾಗಿ, ಕೆಲಸ ಹೋಗಿ, ಮನೆಯವರು ಕಚೇರಿ ಅಲೆದು ಸುಸ್ತಾಗಿರುತ್ತಾರೆ. ಬೆರಳಿನ ಹೊಣೆಯನ್ನು ಕಾನೂನು ಇಷ್ಟು ಬಿಗಿಯಾಗಿ ಹಿಡಿಯುವುದಾದರೆ, ಬೆರಳು ತಪ್ಪದಂತೆ ಮಾಡುವ ಹೊಣೆಯನ್ನು ಫೋನ್ ಮಾಡಿದವನ ಮೇಲೂ ಅಷ್ಟೇ ಬಿಗಿಯಾಗಿ ಹೊರಿಸಬೇಡವೇ?

ಇನ್ನು ಹೆಣ್ಣುಮಕ್ಕಳ ಮಾತು. ಒಬ್ಬರಿಗೊಂದು ಫೋನು, ಆ ಫೋನಿಗೆ ಒಬ್ಬನೇ ಒಡೆಯ, ಅವನ ಶತ್ರು ಕಳ್ಳನೊಬ್ಬನೇ ಎಂಬ ಲೆಕ್ಕದಲ್ಲಿ ಈ ಬೀಗವನ್ನು ಮಾಡಿದ್ದಾರೆ. ನಮ್ಮ ಮನೆಗಳಲ್ಲಿ ಫೋನು ಹಗಲು ಗಂಡನ ಕೈಯಲ್ಲಿ, ಸಂಜೆ ಮಗನ ಆಟದಲ್ಲಿ, ನಡುವೆ ಎಲ್ಲೋ ಹೆಂಡತಿಯ ಪಾಲಿಗೆ. ಅವಳದೇ ಆದ ಫೋನಿದ್ದರೂ ಅದು ಕಪಾಟಿನ ಮೇಲೆ, ಎಲ್ಲರ ಕಣ್ಣಳತೆಯಲ್ಲಿ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರತೊಡಗಿತು. ಹಣ ಅವಳ ಖಾತೆಗೆ ಬಂದರೂ ಜಮೆಯಾದ ಸಂದೇಶ ಬೀಳುವುದು ಬೀಗದ ಹೊರಗಿನ ಪರದೆಯ ಮೇಲೆ, ಬಾಕಿ ಎಷ್ಟಿದೆ ಎಂಬ ಸಾಲಿನ ಸಮೇತ. ಅವಳು ನೋಡುವ ಮೊದಲೇ ಆ ಹಣಕ್ಕೆ ಮನೆಯಲ್ಲಿ ಬಜೆಟ್ ಮಂಡನೆಯಾಗಿರುತ್ತದೆ! ಬ್ಯಾಂಕಿನ ಒಟಿಪಿಯೂ ಅಲ್ಲೇ ಬೀಳುತ್ತದೆ. ಫೋನು ಕೈಯಲ್ಲಿದ್ದರೆ ಸಾಕು, ಬೀಗ ತೆಗೆಯುವ ಅಗತ್ಯವೇ ಇಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಂತೂ ಗ್ರಾಹಕರ ಅಲಕ್ಷ್ಯದಿಂದ ಆದ ನಷ್ಟವನ್ನು ದೂರು ಕೊಡುವವರೆಗೆ ಗ್ರಾಹಕರ ತಲೆಗೇ ಕಟ್ಟಿತು. ಬೀಗ ಹಾಕಿದ ಮೇಲೂ ಗುಟ್ಟನ್ನು ಹೊರಗೆ ಬಿಡುವ ಪರದೆಯ ಅಲಕ್ಷ್ಯ ಯಾರ ಲೆಕ್ಕಕ್ಕೆ?

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಸರ್ಕಾರದ ಕಣ್ಣಿನಿಂದ ಕಾಪಾಡುವ ಮಾತು ಅದು. ಅಡುಗೆಮನೆಯ ಕಪಾಟಿನ ಮೇಲಿನ ಫೋನಿನವರೆಗೆ ಅದು ಇಳಿಯಲೇ ಇಲ್ಲ.

ನಮ್ಮ ಹಳೆಯ ವಾಡೆಗಳನ್ನು ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೀದಿಗೆ ಕಟ್ಟೆ, ಅದರ ಹಿಂದೆ ಪಡಸಾಲೆ, ಆಮೇಲೆ ಅಂಗಳ, ಒಳಮನೆ. ಕಟ್ಟೆಯ ಮೇಲೆ ಯಾರು ಬೇಕಾದರೂ ಕೂರಬಹುದು, ನೀರು ಕೇಳಬಹುದು, ಅವಸರಕ್ಕೆ ಕದ ಬಡಿಯಬಹುದು. ಪಡಸಾಲೆಗೆ ಬರಲು ಒಂದು ಮಾತು ಬೇಕು. ಒಳಮನೆಗೆ ಬರಲು ಮನೆಯವರ ಒಪ್ಪಿಗೆಯೇ ಬೇಕು. ಲಾಕ್ ಸ್ಕ್ರೀನ್ ಎಂದರೆ ಕಟ್ಟೆ. ಗಂಟೆ ಎಷ್ಟಾಯಿತು, ಯಾರ ಕರೆ, ಟಾರ್ಚು, ತುರ್ತು ಸಂಖ್ಯೆ ಇವು ಕಟ್ಟೆಯ ಮೇಲಿರಲಿ. ಯಾರಿಂದಲೋ ಸಂದೇಶ ಬಂದಿದೆ ಎಂಬ ಸುದ್ದಿಯೂ ಇರಲಿ. ಏನು ಬಂದಿದೆ ಎಂಬುದು ಪಡಸಾಲೆಯ ಮಾತು. ಉತ್ತರ ಕೊಡುವುದು ಮನೆಯ ಯಜಮಾನನ ಅಥವಾ ಯಜಮಾನಿಯ ಕೆಲಸ. ಕಟ್ಟೆಯ ಮೇಲೆ ಕೂತ ದಾರಿಹೋಕ ಮನೆಯವರ ಪರವಾಗಿ ಮಾತು ಕೊಟ್ಟು ಕಳಿಸುವ ವಾಡೆಯನ್ನು ಯಾವ ಹುಚ್ಚ ಗವಂಡಿ ಕಟ್ಟಿಯಾನು?

ಎಲ್ಲಕ್ಕೂ ಸೆಟ್ಟಿಂಗ್ಸ್ ಇದೆಯಲ್ಲ ಎನ್ನುವುದು ಕಂಪನಿಗಳ, ಅವರ ಪರ ವಾದಿಸುವ ನಮ್ಮ ಬೆಂಗಳೂರು ಗೆಳೆಯರ ಸಿದ್ಧ ಉತ್ತರ. ಇದೆ, ಹೌದು. ಆಪಲ್ ಫೋನಿನಲ್ಲಿ 'ಬೀಗ ಹಾಕಿದಾಗ ಅನುಮತಿ' ಎಂಬ ಪಟ್ಟಿಯೊಳಗೆ ಸಂದೇಶಕ್ಕೆ ಉತ್ತರಿಸುವುದನ್ನು ತಡೆಯುವ ಗುಂಡಿ ಇದೆ. 2017ರ ಐಫೋನ್ ಟೆನ್ ನಂತರ, ಒಡೆಯನ ಮುಖ ಕಂಡ ಮೇಲಷ್ಟೇ ಸಂದೇಶದ ಒಳಗಿನ ಮಾತು ತೋರಿಸುವುದನ್ನು ಆ ಕಂಪನಿ ಮೊದಲಿನಿಂದಲೇ ಜಾರಿಯಲ್ಲಿಟ್ಟಿತು. ಸ್ಯಾಮ್‌ಸಂಗ್ ಫೋನುಗಳಲ್ಲಿ ಆಕಸ್ಮಿಕ ಸ್ಪರ್ಶದಿಂದ ಕಾಪಾಡುವ ಆಯ್ಕೆ ಇದೆ, ಬೇರೆ ಕೆಲವದರಲ್ಲಿ 'ಪಾಕೆಟ್ ಮೋಡ್' ಇದೆ. 2021ರ ಆಂಡ್ರಾಯ್ಡ್ 12, ನೋಟಿಫಿಕೇಶನ್ನಿನ ಗುಂಡಿ ಕೆಲಸ ಮಾಡಲು ಬೀಗ ತೆಗೆಯಲೇಬೇಕು ಎಂದು ವಿಧಿಸುವ ಅವಕಾಶವನ್ನು ಆಪ್ ಬರೆಯುವವರ ಕೈಗೆ ಕೊಟ್ಟಿತು. ಇದರಿಂದ ತಿಳಿಯುವುದೇನು? ಮಾಡುವುದು ಹೇಗೆಂದು ಅವರಿಗೆ ಗೊತ್ತಿದೆ. ಗೊತ್ತಿದ್ದೂ ಅದನ್ನು ದುಬಾರಿ ಫೋನಿಗೆ ಮರ್ಯಾದೆಯಾಗಿಯೂ ಅಗ್ಗದ ಫೋನಿಗೆ ಐದು ಮೆಟ್ಟಿಲು ಕೆಳಗಿನ ಆಯ್ಕೆಯಾಗಿಯೂ ಇಟ್ಟಿದ್ದಾರೆ. ಆ ಮೆಟ್ಟಿಲುಗಳಿಗೆ ಹಾಕಿದ ಹೆಸರುಗಳು ಓದಬಲ್ಲವರಿಗೂ ಅರ್ಥವಾಗುವಂತಿಲ್ಲ. ಸಂದೇಶಗಳನ್ನು ಎಲ್ಲ 22 ಭಾರತೀಯ ಭಾಷೆಗಳಲ್ಲಿ ಓದುವಂತಿರಬೇಕು ಎಂದು ಕೇಂದ್ರ ಸರ್ಕಾರ 2016ರ ಆದೇಶದಲ್ಲಿ ಹೇಳಿತು. ಮನೆಯೊಳಗೆ ದಖನಿ, ಅಂಗಡಿಯಲ್ಲಿ ಕನ್ನಡ, ತಾಸಗಾಂವದಲ್ಲಿ ಮರಾಠಿ ಆಡುವ ನಮ್ಮವರಿಗೆ ಬಂದ ಸಂದೇಶ ಓದಲು ಭಾಷೆ ಸಿಕ್ಕಿತು. ಹೋಗುವ ಸಂದೇಶವನ್ನು ತಡೆಯಲು ಭಾಷೆ ಸಿಗಲಿಲ್ಲ.

ಸರ್ಕಾರ ಇದರಲ್ಲಿ ಕೈ ಹಾಕಬಾರದು, ಮಾರುಕಟ್ಟೆ ಸರಿಮಾಡುತ್ತದೆ ಎಂಬ ಮಾತೂ ಬರುತ್ತದೆ. ಸರ್ಕಾರ ಕೈ ಹಾಕದ ದಿನ ಯಾವುದಿತ್ತು? 2016ರ ನಿಯಮದ ಪ್ರಕಾರ ಪ್ರತಿ ಫೋನಿನಲ್ಲೂ ಆಪತ್ಕಾಲದ ಗುಂಡಿ ಕಡ್ಡಾಯವಾಯಿತು. ಸಾದಾ ಫೋನಿನಲ್ಲಿ 5 ಅಥವಾ 9, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿ ಮೂರು ಸಲ. ಒಳ್ಳೆಯ ಉದ್ದೇಶ, ನಾವು ಬೆಂಬಲಿಸುತ್ತೇವೆ. ಆದರೆ ಕಿಸೆಯಲ್ಲಿ ಒತ್ತಿಕೊಳ್ಳುವ ಗುಂಡಿಯ ಯೋಚನೆ ಅಲ್ಲಿಯೂ ಆಗಲಿಲ್ಲ. ಐದು ಸಲ ಗುಂಡಿ ಒತ್ತಿದರೆ ತುರ್ತು ಕರೆ ಹೋಗುವ ಆಂಡ್ರಾಯ್ಡ್ ವ್ಯವಸ್ಥೆಯಿಂದ ಬ್ರಿಟನ್ನಿನ 999 ಸಂಖ್ಯೆಗೆ ಮೌನ ಕರೆಗಳ ಮಹಾಪೂರವೇ ಬಂದು, 2023ರ ಜೂನ್‌ನಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥರು ಜನರಿಗೆ ಎಚ್ಚರಿಕೆ ಕೊಡಬೇಕಾಯಿತು. ಪ್ರತಿ ಮೌನ ಕರೆಯ ಹಿಂದೆ ನಿಜವಾಗಿ ಆಪತ್ತಿನಲ್ಲಿರುವ ಒಬ್ಬಳು ಕಾಯುತ್ತಿರಬಹುದು. ನಮ್ಮ ಸರ್ಕಾರವೋ, 2025ರ ನವೆಂಬರ್‌ನಲ್ಲಿ ಸಂಚಾರ್ ಸಾಥಿ ಆಪನ್ನು ಹೊಸ ಫೋನುಗಳಲ್ಲೆಲ್ಲ ಮೊದಲೇ ತುಂಬಿಸಿರಬೇಕೆಂದು ಆದೇಶಿಸಿ, ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ ಕಡ್ಡಾಯವನ್ನು ಹಿಂತೆಗೆದುಕೊಂಡಿತು. ಫೋನಿನೊಳಗೆ ತಾನು ನುಗ್ಗಲು ಇರುವ ಉತ್ಸಾಹ ಹೊಸ್ತಿಲನ್ನು ಗಟ್ಟಿ ಮಾಡಲು ಇಲ್ಲ.

ಕಂಪನಿಗಳು ಬಗ್ಗುವುದಿಲ್ಲ ಎಂದೇನೂ ಅಲ್ಲ. 2018ರ ಜುಲೈನಲ್ಲಿ ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರ್ ಮೊಹಮ್ಮದ್ ಆಜಮ್ ಬಲಿಯಾದರು. ದೇಶದ ನಾನಾ ಕಡೆ ಇಂಥ ಕೊಲೆಗಳು ನಡೆದ ಮೇಲೆ ಆ ತಿಂಗಳೇ ವಾಟ್ಸಾಪ್, ಭಾರತದಲ್ಲಿ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಕಡೆಗೆ ಸಂದೇಶ ಮುಂದೂಡದಂತೆ ಮಿತಿ ಹಾಕಿತು. 2020ರಲ್ಲಿ ಹಲವು ಸಲ ಕೈ ಬದಲಿಸಿದ ಸಂದೇಶವನ್ನು ಒಂದೇ ಕಡೆಗೆ ಸೀಮಿತಗೊಳಿಸಿದಾಗ ಅಂಥ ಸಂದೇಶಗಳ ಓಡಾಟ ಶೇ. 70ರಷ್ಟು ಇಳಿಯಿತೆಂದು ಕಂಪನಿಯೇ ಹೇಳಿಕೊಂಡಿತು. ಬೆರಳಿಗೆ ಒಂದು ಸಣ್ಣ ಅಡ್ಡಿ ಇಟ್ಟರೆ ಎಷ್ಟೊಂದು ತಪ್ಪುತ್ತದೆ! ಆ ಅಡ್ಡಿ ಬರಲು ಹೆಣಗಳು ಬೀಳಬೇಕಾಯಿತು ಎಂಬುದು ನಾಚಿಕೆಗೇಡು.

ನಾವು ಕೇಳುತ್ತಿರುವುದು ಬಹಳ ದೊಡ್ಡದಲ್ಲ. ಪಿನ್ ಇರಲಿ ಇಲ್ಲದಿರಲಿ, ಬೀಗದ ಪರದೆಯಿಂದ ಹೊರಡುವ ಯಾವ ಉತ್ತರವೂ ಒಂದು ಸಲದ ತಾಗುವಿಕೆಗೆ ಹೊರಡಬಾರದು. ಹೊರಟರೂ ಐದು ಎಣಿಸುವಷ್ಟು ಹೊತ್ತು ಅದು ಫೋನಿನಲ್ಲೇ ನಿಂತು, 'ಕಳಿಸುತ್ತಿದ್ದೇನೆ, ಬೇಡವೇ?' ಎಂದು ಕನ್ನಡದಲ್ಲಿ ಕೇಳಬೇಕು. ತಾನು ಅಳಿಸಿಕೊಂಡ ಸಂದೇಶವನ್ನು ಮರಳಿ ಪಡೆಯಲು ವಾಟ್ಸಾಪ್ ಈಗಾಗಲೇ ಐದು ಸೆಕೆಂಡು ಕೊಡುತ್ತಿದೆ, ಕಳಿಸಿದ್ದಕ್ಕೂ ಕೊಡಲಿ. ಹಣದ ಸಂದೇಶ, ಒಟಿಪಿಗಳು ಬೀಗದ ಒಳಗೇ ಇರುವಂತೆ ಫೋನು ಕಾರ್ಖಾನೆಯಿಂದಲೇ ಬರಬೇಕು. ಹೊರಗೆ ಬೇಕೆನ್ನುವವರು ಬೇಕಾದರೆ ಐದು ಮೆಟ್ಟಿಲು ಇಳಿದು ಹೋಗಲಿ. ಅರ್ಧ ಸೆಕೆಂಡು ಒತ್ತಿ ಹಿಡಿದರೆ ಸಾಕೆಂಬ ಲೆಕ್ಕವನ್ನು ನಡುಗುವ ಕೈಗಳನ್ನು, ಜಡ್ಡುಗಟ್ಟಿದ ಬೆರಳುಗಳನ್ನು ಎದುರಿಗೆ ಕೂರಿಸಿಕೊಂಡು ಮತ್ತೆ ಹಾಕಬೇಕು. ತುರ್ತು ಕರೆಗೆ ಮಾತ್ರ ಯಾವ ಬೀಗವೂ ಬೇಡ. ಹೋಗುವ ಮುನ್ನ ಜೋರಾಗಿ ಸದ್ದು ಮಾಡಿ ಎಚ್ಚರಿಸಲಿ, ಅಷ್ಟೇ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ವಿಜಯಪುರದ ಮೊಬೈಲ್ ಅಂಗಡಿಗಳ ಹುಡುಗರು. ಹೊಸ ಫೋನಿನ ಮೊದಲ ಪರದೆ ಭಾಷೆ ಯಾವುದೆಂದು ಕೇಳುತ್ತದೆ. ಗ್ರಾಹಕರ ಪರವಾಗಿ ಇಂಗ್ಲಿಷ್ ಒತ್ತಿ ಮುಂದೆ ಹೋಗುವವರು ಇವರೇ. ಅವರು ಒಂದು ಗಳಿಗೆ ನಿಂತು ಕೇಳಲಿ. ಸಂದೇಶದ ಒಳಗಿನ ಮಾತು ಹೊರಗೆ ಕಾಣದಂತೆ ಮಾಡಿ, ಕಿಸೆಯ ಸ್ಪರ್ಶ ತಡೆಯುವ ಆಯ್ಕೆ ಹಾಕಿ, ಕರೆ ನಿರಾಕರಿಸುವ ಸಿದ್ಧ ಸಂದೇಶಗಳನ್ನು ಅಳಿಸಿ 'ಆಮೇಲೆ ಫೋನ್ ಮಾಡ್ತೀನ್ರಿ' ಎಂದು ಕನ್ನಡದಲ್ಲಿ ಬರೆದು ಕೊಡಲಿ. ಲಾಕ್ ಸ್ಕ್ರೀನಿನ ಮೇಲೆ ನಮ್ಮದೇ ಒಂದು ಸಾಲು ಬರೆಯಲು ಆಂಡ್ರಾಯ್ಡ್‌ನಲ್ಲಿ ಜಾಗವಿದೆ. ಅಲ್ಲಿ ಮನೆಯವರ ಇನ್ನೊಂದು ನಂಬರ್ ಹಾಕಿಕೊಟ್ಟರೆ ತಿಕೋಟಾ ಬಸ್‌ಸ್ಟ್ಯಾಂಡಿನಲ್ಲಿ ಬಿದ್ದು ಸಿಕ್ಕ ಫೋನು ಸಂಜೆಯೊಳಗೆ ಮನೆ ಸೇರೀತು. ಇಷ್ಟಕ್ಕೆ ಅಂಗಡಿಯವರು ಐವತ್ತು ರೂಪಾಯಿ ಕೇಳಿದರೂ ಕೊಡೋಣ. ಗಾಜಿನ ಮೇಲೆ ಅಂಟಿಸುವ ಹಾಳೆಗೆ ಅದಕ್ಕಿಂತ ಹೆಚ್ಚೇ ಕೊಡುತ್ತಿದ್ದೇವೆ.